ಗಿಡದ ಬೆಡಗು ಕೇಳಿದ ಬೋರಕ್ಕ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಮೀಸೆ ಚಿಗುರದ ಕಾಲದಲ್ಲಿ, ಕುರುಚಲು ಕಾಡಿನ ನಡುವಿನ ಒಂದು ಕುರಿಹಟ್ಟಿಯಲ್ಲಿ ಬೋರಕ್ಕ ಅಂತ ಒಬ್ಬಳಿದ್ದಳಂತೆ. ಹಟ್ಟಿಯ ಯಜಮಾನ ಪಾಲಯ್ಯನ ತಂಗಿ. ಗಂಡ ಸತ್ತ ಮೇಲೆ ಅಣ್ಣನ ಕುರಿ ಕಾಯುತ್ತಿದ್ದಳು. ಕುರಿ ಮೇಯುವಾಗ ಇವಳು ಸುಮ್ಮನಿರಬೇಕಲ್ಲ? ಸಿಕ್ಕ ಗಿಡದ ಎಲೆ ಮಗುಚಿ, ಅದರ ಬೆನ್ನನ್ನು ಕೆಳತುಟಿಗೆ ಸವರಿಕೊಂಡು, "ಯಾರ ಪೈಕಿ ನೀನು?" ಅಂತ ಕೇಳುತ್ತಿದ್ದಳಂತೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರಂತೆ. ಗಿಡಕ್ಕೆ ಮುತ್ತಿಡುವವಳನ್ನು ಕಂಡು ನಗದೆ ಇನ್ನೇನು ಮಾಡುತ್ತಾರೆ!

ಆ ಹಟ್ಟಿಗೆ ಹೆಣ್ಣು ಕೇಳಲು ಬಂದವರನ್ನು ಮೊದಲು ಕೇಳುವುದೇ ಬೆಡಗು, ಅಂದರೆ ಯಾವ ಮೂಲದವರು ಅನ್ನುವುದು. ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ. ಬೋರಕ್ಕ ಅದನ್ನೇ ಗಿಡಗಳಿಗೂ ಹಚ್ಚಿದಳು. ಎತ್ತರ ನಂಬಬೇಡಿ, ಬಂಡೆ ಮೇಲೆ ಕುಳ್ಳಗಿರುವುದು ಹಳ್ಳದಲ್ಲಿ ಉದ್ದವಾಗುತ್ತೆ, ಎಲೆಯ ಮೈ ಮಾತ್ರ ಮನೆತನ ಹೇಳುತ್ತೆ ಅನ್ನುತ್ತಿದ್ದಳಂತೆ. ಕೆಲವಕ್ಕೆ ಮೈತುಂಬ ರೋಮ, ಕೆಲವಕ್ಕೆ ಜೇನುಮೇಣ ಬಳಿದ ಹಾಗೆ ನುಣುಪು. ಒಂದು ಕಾಲಕ್ಕೆ ಇಲ್ಲೆಲ್ಲ ಬೇಕಾದಷ್ಟು ಮಳೆಯಿತ್ತು, ಬಿಸಿಲು ಬಲಿತಾಗ ಒಬ್ಬ ತಾಯಿಯ ಮಕ್ಕಳಲ್ಲೇ ಒಬ್ಬಳು ಕಂಬಳಿ ಹೊದ್ದಳು, ಇನ್ನೊಬ್ಬಳು ಮೇಣ ಬಳಿದುಕೊಂಡಳು ಅಂತ ಕಥೆ ಕಟ್ಟುತ್ತಿದ್ದಳಂತೆ.

ಒಂದು ಬೇಸಿಗೆ ರೊಪ್ಪದೊಳಗಿನ, ಅಂದರೆ ಬೇಲಿ ಕಟ್ಟಿದ ಕುರಿದೊಡ್ಡಿಯೊಳಗಿನ, ಎಳೆಮರಿಗಳು ಬಾಯಲ್ಲಿ ನೊರೆ ಬಂದು ಸಾಯತೊಡಗಿದವಂತೆ. ಮರಿಗಳು ರೊಪ್ಪ ಬಿಟ್ಟು ಹೊರಗೆ ಹೋಗಿರಲೇ ಇಲ್ಲ. ಹಾಗಾಗಿ ವಿಷ ತಾಯಿಹಾಲಿನಲ್ಲೇ ಇದೆ ಅಂತ ಎಲ್ಲರೂ ತೀರ್ಮಾನಿಸಿದರು. ತಾಯಿಕುರಿಗಳು ಮೇಯುತ್ತಿದ್ದದ್ದು ಗುಡ್ಡದ ಹಳದಿ ಹೂವಿನ ಗಿಡ. ಗುಡ್ಡಕ್ಕೆ ಬೆಂಕಿ ಇಡಿ ಅಂದ ಪಾಲಯ್ಯ. ಬೋರಕ್ಕ ಅಡ್ಡ ಬಂದಳು. ಆ ಬೇಸಿಗೆಯಲ್ಲಿ ಹಸಿರು ಉಳಿದಿದ್ದದ್ದು ಅದೊಂದೇ. ಅದೂ ಸುಟ್ಟುಹೋದರೆ ಇಡೀ ಮಂದೆ ಹಸಿವಿನಿಂದ ಸಾಯುತ್ತಿತ್ತು.

"ಅಣ್ಣಾ, ಒಂದು ಗಳಿಗೆ ತಡಿಯೋ."

"ಬೋರಿ, ನಿಂಗ್ಯಾಕೆ ಈ ಉಸಾಬರಿ? ಮರಿ ಸಾಯ್ತಿರೋದು ಕಾಣಲ್ವಾ?"

ಅವಳು ಸತ್ತ ಮರಿಯ ಬಾಯಿಗೆ ಬೆರಳು ಹಾಕಿದಳಂತೆ. ಅಗಿದ ಎಲೆಯ ಚೂರು ಸಿಕ್ಕಿತು. ಯಾವ ಗಿಡದ್ದು ಅಂತ ಹೇಳಲು ಅದಕ್ಕೆ ಆಕಾರವೇ ಉಳಿದಿರಲಿಲ್ಲ. ತೊಳೆದು ತುಟಿಗೆ ಸವರಿದಳು. ಹಳದಿ ಹೂವಿನದು ರೋಮದ ಮೈ. ಇದು ನುಣ್ಣಗಿತ್ತು. ತಿರುಗಿ ರೊಪ್ಪದ ಬೇಲಿ ನೋಡಿದಳು. ಹಳ್ಳದಿಂದ ಕಡಿದು ತಂದ, ಮೇಣದ ಮೈಯ ಗಿಡದ ಬೇಲಿ. ಅದನ್ನು ಹೆಣೆದವನು ಅಣ್ಣ. ಆದರೆ ಮೇಣದ ಬೆಡಗಿನವರು ಯಾರನ್ನೂ ಕೊಂದಿಲ್ಲ, ಧೈರ್ಯವಾಗಿ ಕಡಿ ಅಂದವಳು ತಾನೇ!

ಆ ಗಿಡದ ಮೂಲ ನೋಡಲು ಹಳ್ಳಕ್ಕೆ ಓಡಿದಳಂತೆ. ಕಡಿದ ಬುಡದಲ್ಲಿ ಚಿಗುರು ಒಡೆದಿತ್ತು. ಎಳೆಯ ಎಲೆಯನ್ನು ಬಿಸಿಲಿಗೆ ಹಿಡಿದಳು. ಅದರ ಮೇಲೆ ಕವಲೊಡೆದ ಸಣ್ಣ ರೋಮ. ಅಂಥ ರೋಮ ಇದ್ದದ್ದು ಕುರಿಗಾಹಿಗಳೆಲ್ಲ ಹೆದರುವ ವಿಷಗಿಡಕ್ಕೆ ಮಾತ್ರ. ಇದು ಅದರ ಸ್ವಂತ ತಂಗಿ. ಬಲಿಯುತ್ತಾ ರೋಮ ಉದುರಿಸಿ ಮೇಣ ಬಳಿದುಕೊಳ್ಳುತ್ತಿತ್ತು. ಹಸಿಯಾಗಿದ್ದಾಗ ವಾಸನೆಗೆ ಕುರಿ ಮೂಸುತ್ತಿರಲಿಲ್ಲ. ಬೇಲಿಯಾಗಿ ಒಣಗಿ ವಾಸನೆ ಹೋದ ಮೇಲೆ ಮರಿಗಳು ಬಾಯಿ ಹಾಕಿದ್ದವು.

ಗುಡ್ಡದ ಬುಡದಲ್ಲಿ ಕೊಳ್ಳಿ ಹಿಡಿದು ನಿಂತಿದ್ದ ಅಣ್ಣನ ಮುಂದೆ ಆ ಚಿಗುರು ಹಿಡಿದು, ಎಲ್ಲರೆದುರು ಅಂದಳಂತೆ: "ಹಾಲಲ್ಲಿ ವಿಷ ಇಲ್ಲ ಅಣ್ಣಾ, ಬೇಲೀಲೈತೆ. ತಪ್ಪು ನಂದೇ. ಬಲಿತ ಎಲೆ ನೋಡಿ ಮೋಸ ಹೋದೆ, ಕೂಸಿನ ಮುಖ ನೋಡಲಿಲ್ಲ." ಪಾಲಯ್ಯ ಕೊಳ್ಳಿಯನ್ನು ಮಣ್ಣಿಗೆ ತಿಕ್ಕಿ ಆರಿಸಿ, ರೊಪ್ಪಕ್ಕೆ ನಡೆದು, ಬೇಲಿಯನ್ನು ಬರಿಗೈಯಲ್ಲೇ ಕಿತ್ತನಂತೆ. ಆಮೇಲೆ ಮರಿಗಳು ಸಾಯಲಿಲ್ಲ. ಗುಡ್ಡದ ಹಸಿರು ಮಂದೆಯನ್ನು ಮಳೆಗಾಲಕ್ಕೆ ದಾಟಿಸಿತಂತೆ.

ಈಗಲೂ ಆ ಸೀಮೆಯಲ್ಲಿ ಮರಿಗಳಿಗೆ ರೊಪ್ಪ ಕಟ್ಟುವಾಗ ಮನೆಯ ಹಿರಿಯ ಗಂಡಸು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಬಲಿತ ಎಲೆ ಬಿಟ್ಟು ಚಿಗುರು ಹುಡುಕುತ್ತಾನೆ, ಬಿಸಿಲಿಗೆ ಹಿಡಿಯುತ್ತಾನೆ, ತುಟಿಗೆ ಸವರಿ "ಯಾರ ಪೈಕಿ ನೀನು?" ಅಂತ ಕೇಳುತ್ತಾನೆ. ಹೆಂಗಸರು ನಗುವುದಿಲ್ಲ. ಗಿಡದ ಬೆಡಗು ಗೊತ್ತಾಗುವ ತನಕ ಯಾರೂ ಕೊಡಲಿ ಎತ್ತುವುದಿಲ್ಲ.