ಮುಳ್ಳು ಇಳಿಯುವ ಜಾಗ

“ಗುರುಗಳೇ, ಕಸುವಿಲ್ಲದ ಶಿಷ್ಯೆಯನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳಲಿ?” ಎಂದು ಮುರುಗೇಂದ್ರ ಕೇಳಿದ. ಹಾಲಯ್ಯ ಗವಾಯಿಗಳ ಬಳಿ ಹಾಡು ಕಲಿತವನು, ಈಗ ತಾನೂ ಹತ್ತು ಜನಕ್ಕೆ ಕಲಿಸುತ್ತಿದ್ದ. “ನಿಧಾನದ ಲಯದಲ್ಲಿ ಚೆನ್ನಾಗಿ ಹಾಡುತ್ತಾಳೆ. ಲಯ ಏರಿಸಿದರೆ ದನಿ ಕುಸಿಯುತ್ತದೆ. ನಾಳೆ ಅವಳನ್ನು ಮನೆಗೆ ಕಳಿಸುವುದೆಂದು ನಿಶ್ಚಯಿಸಿದ್ದೇನೆ.”

ಗವಾಯಿಗಳಿಗೆ ಹಾಡಿನಷ್ಟೇ ಮೋಟಾರಿನ ಹುಚ್ಚು. “ನಿಶ್ಚಯವಾಗಿದ್ದರೆ ಕೇಳಲು ಯಾಕೆ ಬಂದೆ? ಇರಲಿ, ಕೂತುಕೋ” ಎಂದು ಈ ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಡ್ರ್ಯಾಗ್ ಪಂದ್ಯದಲ್ಲಿ ಕಾರು ಓಡಿಸುವುದು ಅವನ ಕಸುಬು. ಕಾಲು ಮೈಲಿ ನೇರ ದಾರಿ, ಎರಡೇ ಕಾರು, ಹತ್ತು ಹನ್ನೆರಡು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಅವನ ಕಾರು ಒಂದನೇ ಗೇರಿನಲ್ಲಿ ಆರ್ಭಟಿಸುತ್ತಿತ್ತು, ಎರಡಕ್ಕೆ ಹಾಕಿದೊಡನೆ ಸಪ್ಪಗಾಗುತ್ತಿತ್ತು. ಗೇರನ್ನು ಬೇಗ ಬದಲಿಸಿ ನೋಡಿದ, ತಡಮಾಡಿ ಬದಲಿಸಿ ನೋಡಿದ. ಸೋಲು ತಪ್ಪಲಿಲ್ಲ. ದೋಷ ಕಾರಿನದು ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ನಕ್ಕರು. ಪಾಪ, ಅವನ ಕೈಯಲ್ಲಿ ದೋಷವಿರಲಿಲ್ಲ. ಇನ್ನೊಂದು ಪಂದ್ಯ ಸೋತರೆ ಕಾರನ್ನು ಬೇರೆಯವನಿಗೆ ಕೊಡುತ್ತೇನೆಂದು ಮಾಲೀಕ ಹೇಳಿಬಿಟ್ಟಿದ್ದ.

ಚಾಲಕ ಒಬ್ಬ ಮೆಕ್ಯಾನಿಕನ ಬಳಿ ಹೋದ. “ಈ ಎಂಜಿನ್ನಿಗೆ ಕಸುವಿಲ್ಲ. ಕಿತ್ತು ಬೇರೆಯದು ಹಾಕು” ಎಂದ.

ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನಲ್ಲಿ ಐದು ಸಾವಿರದಿಂದ ಮೇಲಿನದನ್ನೆಲ್ಲ ಕಾಗದ ಅಂಟಿಸಿ ಮುಚ್ಚಿದ. “ಗೇರ್ ಹಾಕುವ ಹೊತ್ತು ನಿನ್ನ ಕಿವಿಗೆ ಗೊತ್ತಿದೆ. ಮುಳ್ಳು ಎಷ್ಟು ಏರಿತೆಂದು ನೋಡಬೇಡ, ಗೇರ್ ಬದಲಿಸಿದಾಗ ಎಲ್ಲಿಗೆ ಇಳಿಯಿತೆಂದು ನೋಡಿ ಬಾ” ಎಂದ.

ಎಂಥ ಮಾತು ನೋಡು! ಅಷ್ಟು ವರ್ಷ ಓಡಿಸಿದವನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಹೋಗಿ ಓಡಿಸಿ ಬಂದು, “ಮೂರೂವರೆ ಸಾವಿರಕ್ಕೆ” ಎಂದ.

“ಇದರ ಕಸುವು ಇರುವುದು ನಾಲ್ಕೂವರೆ ಸಾವಿರದ ಮೇಲೆ. ಅದಕ್ಕಿಂತ ಕೆಳಗೆ ಜಗ್ಗಿ ಭಾರ ಹೊರಿಸಿ, ಕಸುವಿಲ್ಲ ಅನ್ನುತ್ತೀಯಲ್ಲ!”

ಇಂಥ ಕಾರಿನಲ್ಲಿ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಒಂದು ಗುಂಡನೆಯ ಡಬ್ಬಿ ಇರುತ್ತದೆ. ಅದಕ್ಕೆ ಟಾರ್ಕ್ ಕನ್ವರ್ಟರ್ ಎನ್ನುತ್ತಾರೆ. ಎಂಜಿನ್ ಎಣ್ಣೆಯನ್ನು ನೂಕುತ್ತದೆ, ಎಣ್ಣೆ ಗಾಲಿಯನ್ನು ತಿರುಗಿಸುವ ಭಾಗವನ್ನು ನೂಕುತ್ತದೆ. ಗಾಲಿಯನ್ನು ತಡೆದು ನಿಲ್ಲಿಸಿದರೂ ಎಂಜಿನ್ ಎಷ್ಟು ಸುತ್ತಿನವರೆಗೆ ಏರಬಲ್ಲದೋ ಅದು ಆ ಡಬ್ಬಿಯ ಸ್ಟಾಲ್ ಸ್ಪೀಡ್. ಅವನ ಕಾರಿನ ಡಬ್ಬಿಯದು ತೀರ ಕಡಿಮೆ. ಎಂಜಿನ್ನಿಗೆ ಉಸಿರು ಬರುವ ಮೊದಲೇ ಬಿಗಿಯಾಗಿ ಹಿಡಿದುಬಿಡುತ್ತಿತ್ತು.

ಮೆಕ್ಯಾನಿಕ್ ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಆ ಡಬ್ಬಿಯೊಂದನ್ನೇ ತೆಗೆದು, ಸ್ವಲ್ಪ ಸಡಿಲವಾಗಿ ಹಿಡಿಯುವುದನ್ನು ಹಾಕಿದ. ಇನ್ನೂ ಸಡಿಲವಾದದ್ದು ಹಾಕು ಎಂದು ಚಾಲಕ ದುಂಬಾಲು ಬಿದ್ದ. ಮೆಕ್ಯಾನಿಕ್ ಒಪ್ಪಲಿಲ್ಲ. ಸಡಿಲ ಹೆಚ್ಚಾದರೆ ಎಣ್ಣೆ ಕಾಯುತ್ತದೆ, ಕಾರು ಓಡುವುದಿಲ್ಲ. ಆ ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟ. ಅವನ ಮುಖ ನಾನು ಕಂಡವನಲ್ಲ, ಆದರೂ ನೆನೆದಾಗಲೆಲ್ಲ ಕೈಮುಗಿಯಬೇಕು ಅನ್ನಿಸುತ್ತದೆ.

ಪಂದ್ಯದ ದಿನ ಚಾಲಕ ಎರಡನೇ ಗೇರಿಗೆ ಹಾಕಿದ. ಮುಳ್ಳು ಇಳಿದು, ನಾಲ್ಕೂವರೆ ಸಾವಿರದಲ್ಲಿ ನಿಂತು, ಮತ್ತೆ ಏರಿತು. ಎಂಜಿನ್ನಿನ ದನಿ ಕುಸಿಯಲಿಲ್ಲ. ಅರ್ಧ ಕಾರಿನಷ್ಟು ಮುಂದಾಗಿ ಗೆದ್ದ. ಮಾಲೀಕ ಓಡಿಬಂದು ಬಾನೆಟ್ ತಟ್ಟಿ, ಹೊಸ ಎಂಜಿನ್ ಭಲೇ ಚೆನ್ನಾಗಿದೆ ಎಂದ. ಹಳೆಯದೇ ಎಂದರೆ ಅವನು ನಂಬಲಿಲ್ಲ.

ಗವಾಯಿಗಳು ಕತೆ ನಿಲ್ಲಿಸಿದರು. ಮುರುಗೇಂದ್ರ, “ಹಾಗಾದರೆ ಹುಡುಗಿಯಲ್ಲಿ ಕಸುವಿದೆ ಅನ್ನುತ್ತೀರಾ?” ಎಂದ.

“ಅವಳ ಮಾತು ಆಮೇಲೆ, ಅವಳಿಗೂ ಹಾಡಿಗೂ ನಡುವೆ ಕೂತಿರುವವನು ಯಾರಪ್ಪ?”