ಹಲ್ಲಿಲ್ಲದ ಟೈರು

"ಗುರುಗಳೇ, ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಹಾಗಿರುವಾಗ ಪಡೆದವರು ಕೊಟ್ಟವನ ಮೇಲೆ ತಪ್ಪು ಹೊರಿಸುವುದು ಸರಿಯೇ?" ಎಂದು ಶಿಷ್ಯ ಕೇಳಿದ. ಆ ಬೆಳಿಗ್ಗೆ ಒಬ್ಬ ಸಿರಿವಂತ ಹಂಚಿದ ಕಂಬಳಿಗಳನ್ನು ಕೆಲವರು ತೆಳ್ಳಗಿವೆಯೆಂದು ಹಿಂದಿರುಗಿಸಿದ್ದರು. ಶಿಷ್ಯನಿಗೆ ಅದು ಹಿಡಿಸಿರಲಿಲ್ಲ.

ಗುರುಗಳ ಮುಖ ಬಿಗಿಯಿತು. ಕೂರಲು ಹೇಳಿ ಕತೆ ತೊಡಗಿದರು.

ಬೆಟ್ಟದ ಮೇಲೊಂದು ಊರು. ಅಲ್ಲಿಂದ ಆಸ್ಪತ್ರೆಗೆ ಹೋಗಬೇಕಾದರೆ ಹಳ್ಳ ದಾಟಿ ಜೇಡಿಮಣ್ಣಿನ ಒಂದು ಏರು ಹತ್ತಬೇಕು, ಆಮೇಲೆ ಟಾರು ರಸ್ತೆ. ಕಾಯಿಲೆಯವರನ್ನು, ಬಸುರಿಯರನ್ನು ಊರವರು ಬೊಂಬಿಗೆ ಕಂಬಳಿ ಕಟ್ಟಿ ಜೋಲಿಯಲ್ಲಿ ಹೊತ್ತು ಒಯ್ಯುತ್ತಿದ್ದರು. ಹೊಗೆಯಲ್ಲಿ ಒಣಗಿಸಿ ಎಣ್ಣೆ ಉಣಿಸಿದ ಬೊಂಬು ಅದು. ಅಜ್ಜನ ಕಾಲದ್ದು, ಒಮ್ಮೆಯೂ ಮುರಿದಿರಲಿಲ್ಲ.

ಪೇಟೆಯ ಒಬ್ಬ ವರ್ತಕ ಇದನ್ನು ಕೇಳಿ, ಆ ಊರಿಗೆಂದು ನಾಲ್ಕೂ ಚಕ್ರ ಎಳೆಯುವ ಜೀಪು ಕೊಂಡ. ಒಳ್ಳೆಯ ಮನಸ್ಸೇ, ಇಲ್ಲವೆನ್ನುವುದಿಲ್ಲ. ಕೆಸರು ಕಚ್ಚುವ ದಪ್ಪ ಹಲ್ಲಿನ ಟೈರುಗಳು ಅದಕ್ಕೆ ಮೊದಲೇ ಇದ್ದವು. ಒಪ್ಪಿಸುವ ಮುಂಚೆ ವರ್ತಕ ನೆಂಟರಿಷ್ಟರನ್ನು ಕೂರಿಸಿಕೊಂಡು ಟಾರು ರಸ್ತೆಯಲ್ಲಿ ಒಂದು ಸುತ್ತು ಹೊಡೆದ. ಆ ಹಲ್ಲುಗಳು ಟಾರಿನ ಮೇಲೆ ಗುಂಯ್ ಎಂದು ಮೊರೆದವು. ಪಕ್ಕದಲ್ಲಿ ಕೂತವರ ಹೊಗಳಿಕೆ ಅವನ ಕಿವಿಗೆ ಬೀಳಲಿಲ್ಲ. ಮಾರನೆಯ ದಿನವೇ ಅವನ್ನು ಬಿಚ್ಚಿಸಿ, ಸದ್ದು ಮಾಡದ ನುಣುಪು ಟೈರು ಹಾಕಿಸಿದ.

ಜೀಪು ಓಡಿಸಬೇಕಾದವನು ಆ ಊರಿನವನೇ. ನಮ್ಮ ಏರಿನಲ್ಲಿ ಇವು ನಿಲ್ಲುವುದಿಲ್ಲ, ಹಳೆಯವನ್ನೇ ಹಾಕಿಸಿ ಎಂದು ಕೈಮುಗಿದ. ವರ್ತಕ ನಕ್ಕುಬಿಟ್ಟ.

"ನಾಲ್ಕೂ ಚಕ್ರ ಎಳೆಯುತ್ತೆ ಕಣಯ್ಯ. ಗೋಡೆ ಬೇಕಾದ್ರೂ ಹತ್ತುತ್ತೆ."

ಜೀಪು ಒಪ್ಪಿಸುವ ದಿನ ಇನ್ನೊಂದು ಕೆಲಸ ಮಾಡಿದ. ಇನ್ನು ನಿಮಗೆ ಇದೇಕೆ ಎಂದು ಆ ಬೊಂಬನ್ನು ಕೇಳಿ ಪಡೆದು, ತನ್ನ ಮನೆಯ ಹಜಾರದ ಗೋಡೆಗೆ ತೂಗು ಹಾಕಿಸಿದ. ಬಂದವರಿಗೆಲ್ಲ ತೋರಿಸಿ, ಒಂದು ಊರಿನ ಗೋಳು ತಪ್ಪಿಸಿದೆ ಎನ್ನುತ್ತಿದ್ದ. ಹೇಳುವಾಗಲೂ ನನ್ನ ಮೈ ಉರಿಯುತ್ತದೆ.

ಮಳೆ ಹಿಡಿಯಿತು. ಒಬ್ಬ ಹೆಂಗಸಿಗೆ ಹೆರಿಗೆ ನೋವು ಕಾಣಿಸಿತು. ಅವಳನ್ನು ಕೂರಿಸಿಕೊಂಡ ಜೀಪು ಹಳ್ಳ ದಾಟಿ ಏರಿಗೆ ಬಂತು. ನಾಲ್ಕು ಚಕ್ರವೂ ತಿರುಗಿದವು, ನಾಲ್ಕೂ ಒಟ್ಟಿಗೇ ಜಾರಿದವು. ಊರವರು ಚಕ್ರಕ್ಕೆ ಕಲ್ಲು ಕೊಟ್ಟರು, ಸೊಪ್ಪು ಹಾಸಿದರು, ಹೆಗಲು ಕೊಟ್ಟು ನೂಕಿದರು. ಜೀಪು ಮತ್ತೆ ಮತ್ತೆ ಹಳ್ಳಕ್ಕೇ ಇಳಿಯಿತು. ಜೋಲಿ ಕಟ್ಟೋಣವೆಂದರೆ ಬೊಂಬು ವರ್ತಕನ ಗೋಡೆಯ ಮೇಲಿದೆ. ಹಸಿ ಬೊಂಬು ಕಡಿದು ಕಟ್ಟಿದರು. ಏರಿನ ನಡುವೆ ಅದು ಸೀಳಿಹೋಯಿತು. ತಾಯಿ ಉಳಿದಳು. ಮಗು ಹುಟ್ಟಿತು, ಅಳಲಿಲ್ಲ.

ಅವಳ ಗಂಡ ವರ್ತಕನ ಮನೆಗೆ ಹೋದ. ಬೈಯಲಿಲ್ಲ. ಜೀಪಿನ ಕೀಲಿಯನ್ನು ಮೆಟ್ಟಿಲ ಮೇಲಿಟ್ಟ.

"ಜೀಪು ನೀವೇ ಇಟ್ಕೊಳ್ಳಿ ಧಣಿ. ನಮ್ಮ ಬೊಂಬು ನಮಗೆ ಕೊಡಿ."

ವರ್ತಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಉಪಕಾರ ಮಾಡಿದ್ದಕ್ಕೆ ಇದು ಫಲ, ದಾನದ ಹಸುವಿನ ಹಲ್ಲು ಎಣಿಸುವ ಜನ ಇವರು ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಪೇಟೆಯವರು ಹೌದು ಹೌದು ಎಂದು ತಲೆದೂಗಿದರು. ಅವರಲ್ಲಿ ಒಬ್ಬರೂ ಆ ಏರು ಹತ್ತಿದವರಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಪಟ್ಟು ಬಿಡಲಿಲ್ಲ.

"ಆದರೂ ಗುರುಗಳೇ, ಹಿರಿಯರು ಕಟ್ಟಿದ ಗಾದೆ ಸುಳ್ಳಾಗುತ್ತದೆಯೇ?"

"ಗಾದೆ ಸುಳ್ಳಲ್ಲ. ಹಲ್ಲು ಕಿತ್ತು ಹಸು ಕೊಟ್ಟವನಿಗೆ ಅದನ್ನು ಹೇಳುವ ಬಾಯಿ ಎಲ್ಲಿಂದ ಬಂತು?"