ಬೊಮ್ಮರಸ ಉಳಿಸಿಟ್ಟ ಮರಳು

ತಿಂಗಳು ಇನ್ನೂ ಮುಗಿದಿಲ್ಲ, ಮನೆಯ ಇಂಟರ್ನೆಟ್ಟಿನ ಡಾಟಾ ಮುಗಿದುಹೋಯಿತು ಅಂತ ಮುಖ ಊದಿಸಿಕೊಂಡು ಕೂತಿದ್ದೀರಲ್ಲ, ಬನ್ನಿ ಇತ್ತ. ನೀನು ಜಾಸ್ತಿ ನೋಡಿದೆ, ನೀನು ಜಾಸ್ತಿ ಆಡಿದೆ ಅಂತ ಕಿತ್ತಾಡಿದ್ದು ಸಾಕು. ಒಂದು ಕತೆ ಹೇಳುತ್ತೇನೆ. ನಗು ಬಂದ ಕಡೆ ನಗಿ. ಆದರೆ ಇದು ನಗಿಸುವ ಕತೆಯಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ಒಂದು ಸೀಮೆಯಲ್ಲಿ ಬೊಮ್ಮರಸ ಅಂತ ಒಬ್ಬ ರಾಜನಿದ್ದ. ಒಳ್ಳೆಯವನೇ. ರಾಣಿ ತೀರಿಕೊಂಡು ಬಹಳ ಕಾಲವಾಗಿತ್ತು. ಉಳಿದವಳು ಒಬ್ಬಳೇ ಮಗಳು, ನಾಗಲೆ. ಅವಳನ್ನು ಗುಡ್ಡದ ಆಚೆಯ ಸೀಮೆಗೆ ಮದುವೆ ಮಾಡಿ ಕೊಟ್ಟಿದ್ದ. ಆ ಗುಡ್ಡ ಎಂಥದ್ದು ಅಂತೀರಿ! ಸುತ್ತಿ ಬಳಸಿ ಆಚೆ ಹೋಗುವಷ್ಟರಲ್ಲಿ ಕುದುರೆಗೂ ಸಾಕುಸಾಕಾಗುತ್ತಿತ್ತು.

ಆದರೆ ಗುಡ್ಡದ ಹೊಟ್ಟೆಯಲ್ಲಿ ಒಂದು ಗವಿ. ಹಿಂದಿನ ಯಾರೋ ಪುಣ್ಯಾತ್ಮರು ಆ ಗವಿಯೊಳಗೆ ಬಿದಿರಿನ ಕೊಳವೆ ಹಾಕಿದ್ದರು. ಗಿಣ್ಣು ಕೊರೆದು, ಒಂದಕ್ಕೊಂದು ಜೋಡಿಸಿ, ಸಂದಿಗೆ ಮೇಣ ಮೆತ್ತಿದ್ದರು. ಈಚೆಯ ಪ್ರತಿ ಮನೆಗೂ ಒಂದು ಕವಲು, ಆಚೆಯ ಪ್ರತಿ ಮನೆಗೂ ಒಂದು ಕವಲು. ಟಕ್ ಟಕ್ ಅಂತ ಕೊಳವೆ ಬಡಿದರೆ ಆಚೆಯವರು ಬಿರಡೆ ತೆಗೆಯುತ್ತಿದ್ದರು. ಇಲ್ಲಿ ಬಾಯಿಟ್ಟರೆ ಅಲ್ಲಿ ಕಿವಿಗೆ ಮಾತು. ಅಜ್ಜಿ ಇಲ್ಲಿ ಜೋಗುಳ ಹಾಡಿದರೆ ಮೊಮ್ಮಗು ಅಲ್ಲಿ ನಿದ್ದೆ ಹೋಗುತ್ತಿತ್ತು.

ಒಂದೇ ಒಂದು ತೊಂದರೆ. ಸಂಜೆ ದೀಪ ಹಚ್ಚಿದ ಕೂಡಲೇ ಎಲ್ಲರಿಗೂ ಒಟ್ಟಿಗೇ ಮಾತಾಡಬೇಕು. ಗವಿಯ ದೊಡ್ಡ ಕೊಳವೆಯಲ್ಲಿ ಮಾತು ಮಾತಿಗೆ ಸಿಕ್ಕಿಕೊಂಡು ಗೋಜಲಾಗುತ್ತಿತ್ತು. ಸಾರಿಗೆ ಹುಳಿ ಎಷ್ಟು ಹಾಕಲಿ ಅಂತ ಒಬ್ಬಳು ತಾಯಿಯನ್ನು ಕೇಳಿದರೆ, ಹೋರಿಗೆ ಹಲ್ಲು ಎಷ್ಟು ಬಂದಿದೆ ಅನ್ನುವ ಉತ್ತರ ಬರುತ್ತಿತ್ತು.

ರಾಜ ಕೊಳವೆಯ ಪಾರುಪತ್ತೇಗಾರ ಕೇತಯ್ಯನನ್ನು ಕರೆಸಿದ. ಗುಡ್ಡದ ಎರಡೂ ಕಡೆಯ ಕೊಳವೆಗಳ ಉಸ್ತುವಾರಿಯೆಲ್ಲ ಅವನದೇ.

"ಕಾಡಿನಿಂದ ಬೇಕಾದಷ್ಟು ಬಿದಿರು ಕೊಡಿಸುತ್ತೇನೆ. ಗವಿಯಲ್ಲಿ ಇನ್ನಷ್ಟು ಕೊಳವೆ ಹಾಕಿಸು" ಅಂದ.

ಬಿದಿರು ಬಂತು. ಗಾಡಿಗಟ್ಟಲೆ ಬಂತು. ಆದರೆ ಗುಡ್ಡ ಹತ್ತಬೇಕಲ್ಲ! ಮುಳ್ಳು, ಬಾವಲಿ, ಕತ್ತಲೆ. ಕೇತಯ್ಯನಿಗೆ ಊಟವಾದ ಮೇಲೆ ಅಂಗಳ ದಾಟುವುದೇ ಕಷ್ಟ. ಬಿದಿರನ್ನು ಉಗ್ರಾಣಕ್ಕೆ ತುಂಬಿಸಿ, ಬೀಗ ಹಾಕಿ, ಚೆನ್ನಾಗಿ ನಿದ್ದೆ ಮಾಡಿ ಎದ್ದ. ಎದ್ದವನು ಅರಮನೆಗೆ ಬಂದ.

"ಪ್ರಭುಗಳೇ, ತೊಂದರೆ ಕೊಳವೆಯದ್ದಲ್ಲ. ಮಾತನ್ನು ಹೊತ್ತುಕೊಂಡು ಹೋಗುವುದು ಗವಿಯ ಗಾಳಿ. ಜನ ಮಾತಾಡಿ ಮಾತಾಡಿ ಗಾಳಿ ಸವೆದುಹೋಗುತ್ತಿದೆ. ಅಮಾವಾಸ್ಯೆ ಕಳೆದ ಮೇಲೆ ಹೊಸ ಗಾಳಿ ಬರುತ್ತದೆ. ಅಲ್ಲಿಯವರೆಗೆ ಇರುವುದರಲ್ಲೇ ಸುಧಾರಿಸಬೇಕು. ಮನೆಗಿಷ್ಟು ಅಂತ ಅಳೆದು ಕೊಡೋಣ."

ರಾಜ ಸಭೆ ಕರೆದು ಊರನ್ನು ಕೇಳಿದ.

ಜೋಗುಳದ ಅಜ್ಜಿ ಎದ್ದು ನಿಂತು, "ಮಗು ಮಲಗೋವರೆಗೂ ಹಾಡ್ಬೇಕು ಬುದ್ಧಿ. ಅಳತೆ ಮಾಡಿ ಹಾಡೋಕಾಗುತ್ತಾ?" ಅಂದಳು.

ಸಂಗೀತದ ಮೇಷ್ಟ್ರು ಎದ್ದು ನಿಂತು, "ನನ್ನ ಶಿಷ್ಯರೆಲ್ಲ ಆಚೆಗಿದ್ದಾರೆ. ಪಾಠ ಅರ್ಧಕ್ಕೇ ನಿಂತುಹೋಗುತ್ತೆ" ಅಂದರು.

ಮೂಲೆಯಿಂದ ಒಬ್ಬ ಎದ್ದ. ಎಣ್ಣೆ ವ್ಯಾಪಾರದವನು, ಮಾತು ಬಹಳ ಕಡಿಮೆ. "ನಾನು ದಿನಕ್ಕೆ ನಾಕು ಮಾತಾಡೋನು. ಇವರು ಬೆಳಗಿಂದ ಸಂಜೆವರೆಗೂ ರಾಗ ಎಳೀತಾರೆ. ಇವರಿಂದ ನನ್ನ ಪಾಲಿನ ಗಾಳಿ ಯಾಕೆ ಹಾಳಾಗಬೇಕು?"

ಅವನ ಮಾತು ನ್ಯಾಯವಾಗಿಯೇ ಕೇಳಿಸಿತು. ಹೌದು ಹೌದು ಅಂತ ಸಭೆ ಗೊಣಗಿತು. ಕೇತಯ್ಯ ಮೀಸೆಯ ಅಡಿಯಲ್ಲಿ ನಕ್ಕ. ಗಾಳಿ ನಿಜವಾಗಿ ಸವೆಯುತ್ತದೆಯೇ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಅಕ್ಕಪಕ್ಕದವರ ಮೇಲೆ ಸಿಟ್ಟು ಬಂದಾಗ ನಮ್ಮ ಬುದ್ಧಿ ಅಲ್ಲೇ ನಿಂತುಬಿಡುತ್ತದೆ ನೋಡಿ.

ಕಟ್ಟಳೆ ಆಯಿತು. ಗುಡ್ಡದ ಈಚೆಗೂ ಆಚೆಗೂ, ಮನೆಗೊಂದು ಮರಳಿನ ಕುಡಿಕೆ. ಕುಡಿಕೆಯ ತಳದಲ್ಲಿ ತೂತು. ಕೊಳವೆಯ ಬಿರಡೆ ತೆಗೆದರೆ ಕುಡಿಕೆಯ ತೂತೂ ತೆರೆಯುವ ಹಾಗೆ ಎರಡಕ್ಕೂ ದಾರ ಕಟ್ಟಿಸಿದ ಕೇತಯ್ಯ. ಮಾತಾಡಿದರೂ ಮರಳು ಸುರಿಯುತ್ತದೆ, ಕೇಳಿಸಿಕೊಂಡರೂ ಸುರಿಯುತ್ತದೆ. ಮರಳು ಮುಗಿದರೆ ಅವನ ಆಳು ಬಂದು ಕೊಳವೆಗೆ ಅರಗು ಬಡಿದು ಹೋಗುತ್ತಾನೆ. ಅಮಾವಾಸ್ಯೆಯ ಮಾರನೆಯ ದಿನ, ಮಿಕ್ಕಿದ್ದನ್ನು ಚೆಲ್ಲಿ ಹೊಸ ಮರಳು.

ಅಜ್ಜಿ ಜೋಗುಳದ ಎರಡು ಸಾಲು ಹಾಡಿ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಸರಿಗಮ ಹೇಳಿಕೊಟ್ಟರು, ಪದನಿಸ ಮುಂದಿನ ತಿಂಗಳು ಅಂದರು. ಈಚೆಯ ಅಣ್ಣ, ಆಚೆಯ ತಮ್ಮ ಯಾವುದೋ ಮಾತಿಗೆ ಜಗಳಕ್ಕೆ ಬಿದ್ದರು. ರಾಜಿಯಾಗುವಷ್ಟರಲ್ಲಿ ಮರಳು ಮುಗಿದಿತ್ತು. ಆ ತಿಂಗಳೆಲ್ಲ ಇಬ್ಬರೂ ಸಿಟ್ಟು ಹೊತ್ತುಕೊಂಡೇ ಉಂಡರು, ಮಲಗಿದರು.

ಇನ್ನೊಂದು ಹಿಡಿ ಮರಳು ಬೇಕಾದವರು ಕೇತಯ್ಯನ ಬಾಗಿಲಿಗೆ ಹೋಗಬೇಕು. ಬರಿಗೈಲಿ ಹೋದರೆ ನಾಯಿ ಬೊಗಳುತ್ತಿತ್ತು. ತುಪ್ಪದ ಗಡಿಗೆ ಕಂಡರೆ ನಾಯಿಯೂ ಸುಮ್ಮನಾಗುತ್ತಿತ್ತು.

ಬೊಮ್ಮರಸ ಮಾತ್ರ ಕಟ್ಟಳೆ ಮುರಿಯಲಿಲ್ಲ. ಊರಿಗೆ ಎಷ್ಟೋ ತನಗೂ ಅಷ್ಟೇ ಅಂತ ಸಣ್ಣ ಕುಡಿಕೆಯನ್ನೇ ಇಟ್ಟುಕೊಂಡ. ಅವನಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆ ಹೆಮ್ಮೆಯೇ ಅವನ ಮನೆ ಹಾಳುಮಾಡಿತು, ಮಕ್ಕಳೇ.

ಮೊದಲ ಸಲ ನಾಗಲೆ ಕೊಳವೆ ಬಡಿದಳು. ಟಕ್ ಟಕ್.

"ಅಪ್ಪಾಜಿ, ನಮ್ಮ ಕೆಂದಹಸು ಕರು ಹಾಕಿದೆ. ಹಣೆಯ ಮೇಲೆ ಬಿಳೀ ಮಚ್ಚೆ ಇದೆ..."

"ಸಂತೋಷ ಮಗಳೇ. ಕರುವಿನ ಮಾತಿಗೆಲ್ಲ ಮರಳು ಯಾಕೆ? ನೀನು ಬಸುರಿ, ತಿಂಗಳು ಮುಗಿಯೋ ಮೊದಲು ತುರ್ತಿಗೆ ಬೇಕಾದೀತು. ಉಳಿಸೋಣ." ಬಿರಡೆ ಹಾಕಿದ.

ಎರಡನೆಯ ಸಲ. ಟಕ್ ಟಕ್.

"ಅಪ್ಪಾಜಿ, ಅತ್ತೆಯವರು ಮಾವಿನ ಮಿಡಿ ಉಪ್ಪಿಗೆ ಹಾಕಿದ್ದಾರೆ. ಆದರೆ ನನಗೆ ಈಗೀಗ ಏನು ತಿಂದರೂ..."

"ಮಿಡಿಯ ಸುದ್ದಿ ಆಮೇಲೆ ತಾಯಿ. ಗಾಳಿ ಸವೀತಾ ಇದೆಯಂತೆ."

ನಾಗಲೆ ಆ ಕಡೆ ಸಣ್ಣಗೆ ನಕ್ಕಳು. "ಬೀಸಣಿಗೆ ಬೀಸಿ ಬೀಸಿ ದಾಸಿಯ ಕೈ ಸೋಲುತ್ತೆ. ಗಾಳಿ ಸೋತದ್ದು ಎಲ್ಲಾದರೂ ಉಂಟೇ ಅಪ್ಪಾಜಿ?"

"ನಿನಗೆ ಗೊತ್ತಾಗಲ್ಲ ಬಿಡು" ಅಂದ ರಾಜ. ಬಿರಡೆ ಹಾಕಿದ.

ಮೂರನೆಯ ಸಲ. ಟಕ್ ಟಕ್.

"ಅಪ್ಪಾಜಿ, ಅಮ್ಮ ನನ್ನನ್ನ ಹೊಟ್ಟೇಲಿ ಹೊತ್ತಿದ್ದಾಗ..."

ರಾಣಿಯ ಮಾತು ಬಂದರೆ ರಾಜ ಹೇಗಾದರೂ ಅದನ್ನು ಮುಂದೂಡಿಬಿಡುತ್ತಿದ್ದ. "ಅಮ್ಮನ ಮಾತು ಶುರುವಾದರೆ ಬೇಗ ಮುಗಿಯಲ್ಲ ಮಗಳೇ. ನನ್ನ ಕುಡಿಕೆ ತುಂಬ ಮರಳಿದೆ. ಅಮಾವಾಸ್ಯೆ ದಿನ ಕೂತು ಪೂರ್ತಿ ಮಾತಾಡೋಣ." ಬಿರಡೆ ಹಾಕಿದ.

ಆಮೇಲೂ ಕೊಳವೆ ಸದ್ದಾಯಿತು. ಟಕ್ ಟಕ್. ರಾಜ ಕುಡಿಕೆ ನೋಡಿದ. ಎಷ್ಟು ಮರಳು ಉಳಿದಿದೆ ಅಂತ ಖುಷಿಪಟ್ಟ. "ಇನ್ನೆರಡು ದಿನ ತಾಳು ತಾಯಿ" ಅಂತ ತನ್ನಷ್ಟಕ್ಕೆ ಹೇಳಿಕೊಂಡ. ಬಿರಡೆ ತೆಗೆಯಲಿಲ್ಲ.

ಅಮಾವಾಸ್ಯೆ ಬಂತು. ರಾಜ ಮಡಿಯುಟ್ಟು, ಎಲೆಯಡಿಕೆ ಪಕ್ಕಕ್ಕಿಟ್ಟುಕೊಂಡು, ಕೊಳವೆಯ ಮುಂದೆ ಕೂತ. ಬಡಿದ. ಬಿರಡೆ ತೆಗೆದು ಕರೆದ. "ಮಗಳೇ ನಾಗಲೇ, ಈಗ ಹೇಳು, ಎಷ್ಟು ಬೇಕಾದರೂ ಹೇಳು."

ಉತ್ತರ ಬರಲಿಲ್ಲ. ಮರಳು ಸುರಿಯುತ್ತಲೇ ಇತ್ತು.

ಸಂಜೆಗೆ ಆಚೆಯ ಸೀಮೆಯಿಂದ ಅಳಿಯ ಕಳಿಸಿದ ಸವಾರ ಬಂದ. ಕುದುರೆ ನೊರೆ ಕಾರುತ್ತಿತ್ತು. ಸವಾರ ತಲೆಯೆತ್ತದೆ ಹೇಳಿದ: "ಬುದ್ಧಿ, ಅಮ್ಮಾವರಿಗೆ ದಿನ ತುಂಬೋ ಮೊದಲೇ ಹೆರಿಗೆಯಾಯ್ತು. ಅವರು ಉಳಿದ್ರು. ಕೂಸು ಉಳೀಲಿಲ್ಲ. ಹೊಟ್ಟೇಲಿ ಕೂಸು ಆಡ್ತಾ ಇಲ್ಲ ಅಂತ ಅವರಿಗೆ ಮೊದಲೇ ಅನುಮಾನ ಇತ್ತಂತೆ. ಅವರ ತಾಯಿಗೂ ಹಿಂಗೇ ಆಗಿತ್ತು, ಆಗ ಈ ಅರಮನೆಯ ಸೂಲಗಿತ್ತಿ ಚೌಡಮ್ಮ ಉಳಿಸಿದ್ರು, ಅವರನ್ನ ಕಳಿಸಿ ಅಂತ ಕೇಳ್ಬೇಕು ಅಂತಿದ್ರಂತೆ. ಬಿರಡೆ ತೆಗೆದಿಟ್ಟು, ಬಡಿದೂ ಬಡಿದೂ ಕಾದು, ಅವರ ಕಡೆ ಮರಳೇ ಮುಗಿದೋಯ್ತು, ಕೊಳವೆಗೆ ಅರಗು ಬಿತ್ತು."

ಚೌಡಮ್ಮ ಆ ಹೊತ್ತಿನಲ್ಲಿ ಅರಮನೆಯ ಹಿತ್ತಲಲ್ಲಿ ಕಾಳು ಕೇರುತ್ತಾ ಕೂತಿದ್ದಳು. ಅಷ್ಟು ಹತ್ತಿರ.

ಯಾಕೆ ನೇರ ಕೇಳಲಿಲ್ಲ ಅಂತೀರಾ? ಭಯದ ಮಾತನ್ನು ಯಾರು ತಾನೇ ಬಂದ ಕೂಡಲೇ ಹೇಳುತ್ತಾರೆ? ಅದೂ ಗಂಡನ ಮನೆಯಲ್ಲಿ, ಪಕ್ಕದಲ್ಲಿ ಅತ್ತೆ ಕೂತಿರುವಾಗ? ಮೊದಲು ಕರುವಿನ ಮಾತು, ಆಮೇಲೆ ಮಿಡಿಯ ಮಾತು. ಅದರ ಬೆನ್ನಿಗೆ, ಉಸಿರು ಕೂಡಿಸಿಕೊಂಡು, ಆ ಮಾತು. ಬೊಮ್ಮರಸ ಮೂರು ಸಲವೂ ಬಾಗಿಲಲ್ಲೇ ತಡೆದು ಕಳಿಸಿದ್ದ.

ಮಾರನೆಯ ದಿನ ಕೇತಯ್ಯ ತಾನೇ ಬಂದ. ಕುಡಿಕೆಯಲ್ಲಿ ಮಿಕ್ಕಿದ್ದ ಮರಳನ್ನು ಚೆಲ್ಲಲು ಬಗ್ಗಿದ. ರಾಜ ಅವನ ಕೈ ಹಿಡಿದ. ರಾತ್ರಿಯೆಲ್ಲ ಅತ್ತ ಕಣ್ಣು ಈಗ ಒಣಗಿತ್ತು. ಕಾಡಿನಿಂದ ಬಿದಿರು ಬಂದದ್ದು ಅವನಿಗೆ ನೆನಪಿತ್ತು. ಗುಡ್ಡಕ್ಕೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ಊರನ್ನೆಲ್ಲ ಸೇರಿಸಿ ಮೆತ್ತಗೆ ಕೇಳಿದ:

"ಕೇತಯ್ಯ, ಈ ತಿಂಗಳು ನಾನು ಮಾತಾಡದೆ ಉಳಿಸಿದ ಗಾಳಿ ಎಲ್ಲಿದೆ?"

"ಗವಿಗೇ ವಾಪಸು ಹೋಯಿತು ಪ್ರಭುಗಳೇ."

"ಹಾಗಾದರೆ ಗವಿಯಲ್ಲಿ ಗಾಳಿ ಹೆಚ್ಚಾಗಿರಬೇಕು. ಜನಕ್ಕೆ ದೊಡ್ಡ ಕುಡಿಕೆ ಕೊಡು."

"ಇಲ್ಲ ಇಲ್ಲ. ಗವಿಯಲ್ಲಿ ನಿಲ್ಲುವುದಿಲ್ಲ. ಆಕಾಶಕ್ಕೆ ಹಾರಿಹೋಗುತ್ತದೆ."

"ಹಾರಿಹೋಗುವುದನ್ನು ಉಳಿಸಿ ಅಂತ ಊರಿನ ಬಾಯಿ ಯಾಕೆ ಕಟ್ಟಿಸಿದೆ?"

ಕೇತಯ್ಯ ಜನರ ಸಂದಿಯಲ್ಲಿ ದಾರಿ ಹುಡುಕಿದ. ರಾಜ ದನಿ ಇನ್ನೂ ತಗ್ಗಿಸಿದ. "ಗಾಬರಿಯಾಗಬೇಡ. ನಿನ್ನಂಥ ಜಾಣ ಅದನ್ನು ಹಾರಿಹೋಗಲು ಬಿಟ್ಟಿರುತ್ತಾನೆಯೇ? ಎಲ್ಲೋ ಜೋಪಾನ ಮಾಡಿರುತ್ತೀಯ. ಜೋಪಾನ ಮಾಡಿದ್ದರೆ ಹೇಳು, ನನ್ನ ಕೈಯ ಕಡಗ ನಿನ್ನದು."

ಕೇತಯ್ಯನಿಗೆ ಹೋದ ಜೀವ ಬಂದ ಹಾಗಾಯಿತು. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಇಲ್ಲ ಅಂತ ಯಾರು ತೋರಿಸುತ್ತಾರೆ? "ಹೂಂ ಪ್ರಭುಗಳೇ! ನನ್ನ ಉಗ್ರಾಣದಲ್ಲಿದೆ. ಬಿದಿರಿನ ಗಳಗಳಲ್ಲಿ ತುಂಬಿಟ್ಟಿದ್ದೇನೆ!" ಅಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಊರು ಅವನನ್ನು ಮುಂದೆ ತಳ್ಳಿಕೊಂಡು ಹೊರಟಿತ್ತು.

ಬೀಗ ತೆಗೆಸಿದರು. ಒಳಗೆ ಸೂರು ಮುಟ್ಟುವಷ್ಟು ಬಿದಿರು. ಗವಿಗೆ ಹೋಗಬೇಕಾಗಿದ್ದ ಬಿದಿರು. ಅದರ ಮುಂದೆ ಊರಿನವರ ತುಪ್ಪದ ಗಡಿಗೆಗಳು, ಬೆಲ್ಲದ ಉಂಡೆಗಳು. ರಾಜ ಒಂದು ಗಳ ಎತ್ತಿ ಒಡೆದ. ಹುಳ ಕೊರೆದ ಪುಡಿ ಉದುರಿತು.

"ಇದೇನಾ ಗಾಳಿ ಅಂದ್ರೆ?" ಅಂದಳು ಅಜ್ಜಿ. ಮಾತು ಕಡಿಮೆಯ ಎಣ್ಣೆ ವ್ಯಾಪಾರಿ ತಲೆ ತಗ್ಗಿಸಿಕೊಂಡ.

ರಾಜ ಕೇತಯ್ಯನ ತಲೆ ತೆಗೆಸಲಿಲ್ಲ. ಹುಳ ಮುಟ್ಟದ ಗಳಗಳನ್ನು ಆರಿಸಿ, ಒಂದೊಂದಾಗಿ ಹೆಗಲ ಮೇಲೆ ಹೊತ್ತು, ಗುಡ್ಡ ಹತ್ತಿ, ಗವಿಯಲ್ಲಿ ಕೊಳವೆ ಹಾಕುವ ಕೆಲಸವನ್ನು ಅವನಿಗೇ ಕೊಟ್ಟ. ಕಾವಲಿಗೆ ಇಬ್ಬರನ್ನು ಇಟ್ಟ. ಹಾಕಿದ ಮೇಲೆ ನೋಡಿದರೆ ಸಂಜೆಯ ಗೋಜಲೂ ಇಲ್ಲ, ಗಾಳಿಯ ಕೊರತೆಯೂ ಇಲ್ಲ. ಕುಡಿಕೆಗಳನ್ನು ಊರವರು ಒಡೆದು ಹಾಕಿದರು. ಅಣ್ಣತಮ್ಮ ಜಗಳ ಮುಂದುವರಿಸಿ, ಮುಗಿಸಿ, ಅತ್ತರು.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

ರಾಜ ಕೊಳವೆಯಲ್ಲಿ ಮಗಳನ್ನು ಕರೆದ. ಅವಳು ಬಂದಳು.

"ಹೇಗಿದ್ದೀಯ ತಾಯಿ?"

"ಚೆನ್ನಾಗಿದ್ದೇನೆ ಅಪ್ಪಾಜಿ."

"ಇನ್ನೇನು ಸಮಾಚಾರ?"

"ಏನಿಲ್ಲ ಅಪ್ಪಾಜಿ."

ಬಯ್ಯಲಿಲ್ಲ ಅವಳು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ದಿನವೂ ಕರೆದ, ದಿನವೂ ಅದೇ ಎರಡು ಮಾತು. ಆಗ ರಾಜ ತಾನೇ ಹರಟಲು ಕಲಿತ. ಅಗಸರ ಕತ್ತೆ ಸಭೆಗೆ ನುಗ್ಗಿದ್ದು, ಅಡುಗೆಯವನು ಪಾಯಸಕ್ಕೆ ಉಪ್ಪು ಹಾಕಿದ್ದು, ತನ್ನ ಹಲ್ಲು ಅಲ್ಲಾಡುತ್ತಿರುವುದು. ರಾಣಿಯ ಮಾತನ್ನೂ ಒಂದು ದಿನ ಅಳುತ್ತಳುತ್ತಲೇ ಆಡಿದ. ಆ ಕಡೆಯಿಂದ ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದಳು. ಆದರೆ ಕೊನೆಯವರೆಗೂ ನಾಗಲೆ ಅಪ್ಪನ ಹತ್ತಿರ ಮೊದಲಿನ ಹಾಗೆ ಹರಟಲಿಲ್ಲ.

ಇದರ ನೀತಿ ಇಷ್ಟು. ಎಲ್ಲರೂ ಬಳಸಿದರೂ ಸವೆಯದ್ದನ್ನು ಸವೆಯುತ್ತದೆ ಅಂತ ಹೇಳಿ ಅಳೆದು ಕೊಡುವವನನ್ನು ನಂಬಬೇಡಿ. ದಾರಿ ಇಕ್ಕಟ್ಟಾದರೆ ಅಗಲ ಮಾಡಿ ಅಂತ ಕೇಳಿ, ಪಕ್ಕದ ಮನೆಯವರ ಬಾಯಿ ಮುಚ್ಚಿಸಲು ಹೋಗಬೇಡಿ. ಮತ್ತೆ, ನಿಮ್ಮವರು ಮಾತಾಡಲು ಬಂದಾಗ ಇದು ಬೇಕಾದ ಮಾತೋ ಬೇಡದ ಮಾತೋ ಅಂತ ತೂಗಬೇಡಿ. ಪೂರ್ತಿ ಕೇಳುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ.